ಆನ್‌ಲೈನ್‌ನಲ್ಲಿ ಫೋಟೋ ಹಾಕುವವರ ಕೈಯಲ್ಲಿ ಯಾವ ಕ್ಯಾಮೆರಾ ಜಾಸ್ತಿ? ಮಲೆನಾಡಿನವರು ಹೇಳಿ

ತುಂಗಾ ಬಲದಂಡೆ

ಎಲ್ಲರಿಗೂ ನಮಸ್ಕಾರ. ಈ ಸಲ ಅಡಿಕೆ ದುಡ್ಡು ಕೈಗೆ ಬಂದ ಮೇಲೆ ಒಂದು ಕ್ಯಾಮೆರಾ ತಗೊಳ್ಳಬೇಕು ಅಂತಿದ್ದೇನೆ. ಅಂಗಡಿಯವರನ್ನು ಕೇಳಿದರೆ ಸ್ಟಾಕ್ ಇರುವುದೇ ಒಳ್ಳೆಯದು ಅನ್ನುತ್ತಾರೆ. ಯೂಟ್ಯೂಬ್‌ನವರಿಗೆ ಹೋದ ವಾರ ಬಂದದ್ದೇ ಒಳ್ಳೆಯದು. ಅದಕ್ಕೆ ದಿನಾ ಫೋಟೋ ಹಾಕುವ ಜನ ನಿಜವಾಗಿ ಏನು ಹಿಡಿದಿದ್ದಾರೆ ಅಂತ ಹುಡುಕಿದೆ.

ಫ್ಲಿಕರ್ ಅನ್ನುವ ಫೋಟೋ ಹಂಚುವ ತಾಣದಲ್ಲಿ ಕ್ಯಾಮೆರಾ ಫೈಂಡರ್ ಅಂತ ಒಂದು ಪುಟ ಇದೆ. ಯಾವ ಕ್ಯಾಮೆರಾ ಎಷ್ಟು ಜನ ಬಳಸುತ್ತಾರೆ ಅಂತ ಗ್ರಾಫ್ ತೋರಿಸುತ್ತದೆ. ನೋಡಿದರೆ ಮೇಲಿನ ಸಾಲಲ್ಲಿ ಐಫೋನೇ ಐಫೋನ್. ಹಾಗಾದರೆ ಬೇರೆ ಕ್ಯಾಮೆರಾಗೆ ದುಡ್ಡು ಹಾಕುವುದು ದಂಡವಾ? ನನಗೆ ಬೇಕಿರುವುದು ಮಂಡಗದ್ದೆ ಹಕ್ಕಿ, ತೋಟದ ಆಚೆಯ ಕಾಡು, ಮನೆ ಮಕ್ಕಳು. ಬಜೆಟ್ 70 ಸಾವಿರ. ಎಳೆದರೆ ಇನ್ನು ಸ್ವಲ್ಪ.

ಸಾಗರದ ಸೋಗೆ

70 ಸಾವಿರಕ್ಕೆ ಐಫೋನೇ ಬರುತ್ತದಲ್ಲ ಮಾರಾಯ್ರೆ. ಮನೆಯವರಿಗೂ ಖುಷಿ. ಚರ್ಚೆ ಮುಗೀತು 😀

ಹೊಸನಗರದವ, ಈಗ ಬೆಂಗಳೂರು

ಮುಗಿದಿಲ್ಲ. ಆ ಪುಟ ಏನನ್ನು ಎಣಿಸುತ್ತದೆ ಅಂತ ಮೊದಲು ನೋಡಬೇಕು. ಅದು ಎಣಿಸುವುದು ಫೋಟೋಗಳನ್ನಲ್ಲ, ಜನರನ್ನು. ಒಂದು ದಿನದಲ್ಲಿ ಆ ಕ್ಯಾಮೆರಾದ ಒಂದು ಫೋಟೋ ಆದರೂ ಹಾಕಿದ ಸದಸ್ಯರು ಎಷ್ಟು ಅನ್ನುವ ಲೆಕ್ಕ ಅದು. ಗುಡವಿಗೆ ಹೋಗಿ ಬಂದವರು 300 ಹಕ್ಕಿ ಫೋಟೋ ಹಾಕಿದರೂ ಒಂದೇ, ಬೆಳಗಿನ ತೆಳ್ಳವಿನ ಫೋಟೋ ಒಂದು ಹಾಕಿದರೂ ಒಂದೇ. ಫೋನ್ ದಿನಾ ಜೇಬಲ್ಲಿರುತ್ತದೆ, ದಿನಾ ಲೆಕ್ಕಕ್ಕೆ ಬರುತ್ತದೆ. ಬ್ಯಾಗಿನೊಳಗಿನ ಕ್ಯಾಮೆರಾ ಭಾನುವಾರಕ್ಕೆ ಒಮ್ಮೆ ಹೊರಗೆ ಬರುತ್ತದೆ.

ಇನ್ನೊಂದು ವಿಷಯ. ಫೋಟೋ ಫೈಲಿನೊಳಗೆ ಎಕ್ಸಿಫ್ ಅಂತ ಒಂದು ಚೀಟಿ ಇರುತ್ತದೆ. ಕ್ಯಾಮೆರಾದ ಹೆಸರು, ಶಟರ್ ವೇಗ, ಅಪರ್ಚರ್ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ), ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮ), ಫೋನ್ ಆದರೆ ಎಷ್ಟೋ ಸಲ ಜಾಗವೂ ಅದರಲ್ಲಿ ಬರೆದಿರುತ್ತದೆ. 1995ರಲ್ಲಿ ಜಪಾನ್‌ನಲ್ಲಿ ರೂಪಿಸಿದ ಪದ್ಧತಿ ಅದು. ಫೈಂಡರ್ ಓದುವುದು ಆ ಚೀಟಿಯನ್ನೇ. ಚೀಟಿ ಅಳಿಸಿದ್ದರೆ ಆ ಫೋಟೋ ಯಾವ ಕ್ಯಾಮೆರಾದ್ದೂ ಅಲ್ಲ.

ಈಗ ಮಾದರಿಗಳ ವಿಷಯಕ್ಕೆ ಬನ್ನಿ. ಆಪಲ್ ವರ್ಷಕ್ಕೆ ನಾಲ್ಕೈದು ಮಾದರಿ ತರುತ್ತದೆ, ಒಂದೊಂದನ್ನೂ ಕೋಟಿಗಟ್ಟಲೆ ಮಾರುತ್ತದೆ. ಆಂಡ್ರಾಯ್ಡ್ ಫೋನ್‌ಗಳು ನೂರಾರು ಮಾದರಿಗಳಲ್ಲಿ ಹಂಚಿಹೋಗುತ್ತವೆ. ಎಲ್ಲ ಕೂಡಿಸಿದರೆ ದೊಡ್ಡ ರಾಶಿ, ಬಿಡಿಬಿಡಿಯಾಗಿ ಪಟ್ಟಿಯ ತುದಿಗೆ ಬರುವುದು ಕಷ್ಟ. ಕ್ಯಾನನ್‌ದೂ ಇದೇ ಪಾಡು. ನಮ್ಮಲ್ಲಿ 1500ಡಿ ಅಂತ ಮಾರುವುದು ಯುರೋಪಿನಲ್ಲಿ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7.

ಹಾಗಂತ ಫೋನ್ ಗೆದ್ದಿಲ್ಲ ಅಂತ ನಾನು ಹೇಳುತ್ತಿಲ್ಲ. ಗೆದ್ದಿದೆ. 2011ರಲ್ಲೇ ಐಫೋನ್ 4 ಅಲ್ಲಿ ನಿಕಾನ್ ಡಿ90ಯನ್ನು ಹಿಂದೆ ಹಾಕಿತು. 5 ಮೆಗಾಪಿಕ್ಸೆಲ್ ಫೋನು 12 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ದಾಟಿದ್ದು. 2017ರಲ್ಲಿ ಫ್ಲಿಕರ್ ಹೇಳಿದ ಲೆಕ್ಕ: ಸ್ಮಾರ್ಟ್‌ಫೋನ್ ಶೇ. 50, ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸುವ, ಒಳಗೆ ಕನ್ನಡಿ ಇರುವ ಕ್ಯಾಮೆರಾ) ಶೇ. 33, ಸಣ್ಣ ಪಾಯಿಂಟ್ ಆಂಡ್ ಶೂಟ್ ಶೇ. 12, ಮಿರರ್‌ಲೆಸ್ (ಆ ಕನ್ನಡಿ ಇಲ್ಲದ್ದು) ಶೇ. 4.

ತುಂಗಾ ಬಲದಂಡೆ

ಶೇ. 33 ಡಿಎಸ್‌ಎಲ್‌ಆರ್? ನಾನು ಅಷ್ಟು ಇರಬಹುದು ಅಂದುಕೊಂಡೇ ಇರಲಿಲ್ಲ. ನಮ್ಮ ಊರಿನ ಗ್ರೂಪ್‌ಗಳಲ್ಲಿ ಹತ್ತಕ್ಕೆ ಒಂದೂ ಇಲ್ಲ.

ಹೊಸನಗರದವ, ಈಗ ಬೆಂಗಳೂರು

ಫ್ಲಿಕರ್‌ಗೆ ಬರುವವರು ಯಾರು ಅಂತ ನೋಡಿ. ಅದು 2004ರಲ್ಲಿ ಶುರುವಾದದ್ದು, ಫೋನ್ ಕ್ಯಾಮೆರಾ ಆಟಿಕೆಯಾಗಿದ್ದ ಕಾಲ. ಫೋಟೋದ ಹುಚ್ಚಿದ್ದವರೇ ಅಲ್ಲಿ ಸೇರಿದ್ದು. 2013ರಲ್ಲಿ ಯಾಹೂ ಎಲ್ಲರಿಗೂ ಪುಕ್ಕಟೆ ಒಂದು ಟೆರಾಬೈಟ್ ಕೊಟ್ಟಾಗ ಫೋನಿನ ಫೋಟೋ ಪೂರ್ತಿ ತುಂಬಿಡುವವರೂ ಬಂದರು. 2018ರಲ್ಲಿ ಸ್ಮಗ್‌ಮಗ್ ಅದನ್ನು ಕೊಂಡುಕೊಂಡಿತು. ಆಮೇಲೆ ಪುಕ್ಕಟೆ ಖಾತೆಗೆ 1000 ಫೋಟೋ ಮಿತಿ ಹಾಕಿತು. ಜನ ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ. ಕ್ಯಾಮೆರಾ ಒಳ್ಳೆಯದಾ ಕೆಟ್ಟದ್ದಾ ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ.

ನಿಮ್ಮ ಊರಿನ ಗ್ರೂಪ್ ಅಂದರೆ ವಾಟ್ಸಾಪ್ ತಾನೆ? ಅಲ್ಲಿ ಫೋಟೋ ಹಾಕಿದ ಕೂಡಲೇ ಅದು ಕುಗ್ಗುತ್ತದೆ, ಎಕ್ಸಿಫ್ ಚೀಟಿಯೂ ಹರಿದುಹೋಗುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲೂ ನೋಡುವವರಿಗೆ ಆ ಚೀಟಿ ಸಿಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ದಿನಕ್ಕೆ ಅತಿ ಹೆಚ್ಚು ಫೋಟೋ ಓಡಾಡುವುದು ಸ್ಟೇಟಸ್‌ನಲ್ಲೇ ಅನ್ನುವುದು ನನ್ನ ಅಂದಾಜು. ಅದು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮೂರಿನ ವಿವೋ, ರೆಡ್ಮಿ, ಸ್ಯಾಮ್‌ಸಂಗ್ ಜನರನ್ನು ಯಾರೂ ಎಣಿಸಿಯೇ ಇಲ್ಲ ಅನ್ನಿ.

ಸಾಗರದ ಸೋಗೆ

ಒಪ್ಪಿದೆ. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆದ ಮೇಲೆ ನನ್ನ ಫೋನಿಗೆ ಬಂದ ಸೇತುವೆ ಫೋಟೋಗಳಲ್ಲಿ ಒಂದಾದರೂ ಕ್ಯಾಮೆರಾದ್ದು ಇತ್ತಾ ಅಂತ ನನಗೆ ಸಂಶಯ. ಎಲ್ಲ ಫೋನಿನವು, ಎಲ್ಲದರಲ್ಲೂ ಅದೇ ಕೇಬಲ್ಲು, ಅದೇ ಮೋಡ, ಮುಂದೆ ಅದೇ ಭಾವಯ್ಯ.

ಮಂಡಗದ್ದೆ ಬೆಳ್ಳಕ್ಕಿ

ಈಗ ಹಕ್ಕಿ ವಿಷಯಕ್ಕೆ ಬರೋಣ. ಬಲದಂಡೆಯವರು ಕೇಳಿದ್ದೇ ಅದನ್ನು.

ಮಂಡಗದ್ದೆಯಲ್ಲಿ ಹಕ್ಕಿ ಕೂರುವುದು ತುಂಗೆಯ ನಡುಗಡ್ಡೆಯ ಮರಗಳ ಮೇಲೆ. ನಾವು ನಿಲ್ಲುವುದು ತೀರ್ಥಹಳ್ಳಿ ರಸ್ತೆ ಬದಿಯ ದಡದಲ್ಲಿ. ನಡುವೆ ಹೊಳೆ. ಹತ್ತಿರ ಹೋಗುವ ಹಾಗಿಲ್ಲ, ಹೋಗಲೂಬಾರದು. ಗೂಡು ಕಟ್ಟಿ ಮರಿ ಮಾಡುವುದು ಮಳೆಗಾಲದಲ್ಲಿ, ಅಂದರೆ ಮೋಡ, ಹನಿ, ಕಡಿಮೆ ಬೆಳಕು. ಫೋನಿನಲ್ಲಿ ತೆಗೆದರೆ ಹಸಿರು ಮರದ ಮೇಲೆ ಯಾರೋ ಸುಣ್ಣ ಎರಚಿದ ಹಾಗೆ ಬೆಳ್ಳಕ್ಕಿ ಕಾಣುತ್ತದೆ. ಹಾವಕ್ಕಿ, ನೀರುಕಾಗೆ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಈಗಿನ ದುಬಾರಿ ಫೋನ್‌ಗಳ ಜೂಮ್ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ವಿವೋ ಎಕ್ಸ್200 ಪ್ರೊದಲ್ಲಿ 200 ಮೆಗಾಪಿಕ್ಸೆಲ್‌ನ ಟೆಲಿ ಲೆನ್ಸ್ ಇದೆ. ಆದರೆ ಅದರ ನಿಜವಾದ ನೋಟ 85 ಎಂಎಂ ಲೆನ್ಸಿನಷ್ಟು. ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಅದರಾಚೆಗೆಲ್ಲ ಕತ್ತರಿಸಿ ಹಿಗ್ಗಿಸುವುದು. ನಿಕಾನ್ 200-500 ಎಂಎಂ ಲೆನ್ಸನ್ನು ಡಿಎಕ್ಸ್ ಕ್ಯಾಮೆರಾಗೆ (ಸೆನ್ಸರ್ ಸ್ವಲ್ಪ ಚಿಕ್ಕದಿರುವುದು) ಹಾಕಿದರೆ 750 ಎಂಎಂ ನೋಟ ಸಿಗುತ್ತದೆ. ಲೆನ್ಸ್ ತೂಕ 2.3 ಕೆಜಿ, ಅದೂ ನೆನಪಿರಲಿ. ಮೊನೊಪಾಡ್ ಇಲ್ಲದೆ ಕೈಯಲ್ಲಿ ಹಿಡಿದು ನಿಂತರೆ ಸಾಯಂಕಾಲ ಭುಜ ಮಾತಾಡುತ್ತದೆ.

ಹಕ್ಕಿಯವರ ಕೈಯಲ್ಲಿ ನಾನು ನೋಡುವುದು ಹೆಚ್ಚಾಗಿ ಇವೇ: ನಿಕಾನ್ ಡಿ7200, ಡಿ7500, ಡಿ500ಗೆ 200-500. ಕ್ಯಾನನ್‌ನವರಲ್ಲಿ 7ಡಿ ಮಾರ್ಕ್ 2 ಅಥವಾ 90ಡಿ, ಅದಕ್ಕೆ ಟ್ಯಾಮ್ರಾನ್ ಇಲ್ಲವೇ ಸಿಗ್ಮಾ 150-600. ಈಚೆಗೆ ಕ್ಯಾನನ್ ಆರ್7, ಸೋನಿಯ 200-600. ಮತ್ತೆ ಬೆನ್ನುನೋವಿನವರ ದೇವರು ನಿಕಾನ್ ಪಿ900.

ಪಿಯುಸಿ ಮುಗೀತು

ಪಿ900 ಅಂದರೆ ಚಂದ್ರನ ಫೋಟೋ ತೆಗೆಯುವ ಕ್ಯಾಮೆರಾ ಅಲ್ವಾ? ಅದರಲ್ಲಿ 83 ಪಟ್ಟು ಜೂಮ್ ಇದೆ. ಅದನ್ನೇ ತಗೊಂಡರೆ ಬೇರೆ ಲೆನ್ಸೇ ಬೇಡವಲ್ಲ ಸರ್?

ಮಂಡಗದ್ದೆ ಬೆಳ್ಳಕ್ಕಿ

ಹೌದು, 24ರಿಂದ 2000 ಎಂಎಂ ನೋಟ. 2015ರಲ್ಲಿ ಬಂತು. 2018ರ ಪಿ1000ದಲ್ಲಿ 3000 ಎಂಎಂವರೆಗೆ. ಬಿಸಿಲಿದ್ದಾಗ ಗಟ್ಟಿ ಕ್ಯಾಮೆರಾ. ಆದರೆ ಒಳಗಿನ ಸೆನ್ಸರ್ ನೋಡಿ: ಸುಮಾರು 6.2 x 4.6 ಮಿ.ಮೀ. ಡಿ7500ದ್ದು 23.5 x 15.7 ಮಿ.ಮೀ. ಅಂದರೆ ಬೆಳಕು ಬೀಳುವ ಜಾಗ ಸುಮಾರು 13 ಪಟ್ಟು ಜಾಸ್ತಿ. ಜುಲೈ ತಿಂಗಳ ಸಂಜೆ ಮಂಡಗದ್ದೆಯಲ್ಲಿ ಐಎಸ್‌ಒ ಏರಿಸಲೇಬೇಕು. ಆಗ ಪಿ900 ಫೋಟೋದಲ್ಲಿ ರೆಕ್ಕೆಯ ಗರಿ ಎಲ್ಲ ಕಲಸಿದ ರವೆ. ಪೂರ್ತಿ ಜೂಮ್ ಮಾಡಿದಾಗ ಅಪರ್ಚರ್ ಎಫ್6.5 ಬೇರೆ, ಒಳಗೆ ಬರುವ ಬೆಳಕೇ ಕಡಿಮೆ.

ಆದರೂ ಗುರುತು ಹಿಡಿಯುವ ಫೋಟೋಗೆ ಪಿ900 ಧಾರಾಳ ಸಾಕು. ಇಬರ್ಡ್ ಅನ್ನುವ ಹಕ್ಕಿ ದಾಖಲೆಯ ತಾಣಕ್ಕೆ ಹಾಕುವಾಗ ಯಾವ ಹಕ್ಕಿ ಅಂತ ತಿಳಿದರೆ ಮುಗಿಯಿತು, ಚೌಕಟ್ಟು ಹಾಕಿಸಿ ಗೋಡೆಗೆ ತೂಗಬೇಕಿಲ್ಲ.

ಇನ್ನೊಂದು ಮಾತು, ಕ್ಯಾಮೆರಾ ಯಾವುದೇ ಇರಲಿ. ಬೆಳ್ಳಕ್ಕಿ ಪೂರ್ತಿ ಬಿಳಿ, ಹಿಂದೆ ಕಪ್ಪು ಹಸಿರು. ಕ್ಯಾಮೆರಾ ಆ ಕತ್ತಲೆ ನೋಡಿ ಬೆಳಕು ಏರಿಸುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಮೈನಸ್ 1ಕ್ಕೆ ಇಳಿಸಿ. ಶರಾವತಿ ಕಣಿವೆಯಲ್ಲಿ ಸಿಂಗಳೀಕ ತೆಗೆಯುವಾಗ ತದ್ವಿರುದ್ಧ. ಕಪ್ಪು ಪ್ರಾಣಿ, ಹಿಂದೆ ಬೆಳ್ಳನೆ ಆಕಾಶ. ಪ್ಲಸ್ 1, ಇನ್ನೂ ಬೇಕಾದರೆ ಇನ್ನೂ ಸ್ವಲ್ಪ.

ಕಪ್ಪೆಗೂಡು

ಹಕ್ಕಿಯವರ ಮಾತು ಶುರುವಾದರೆ ಉಳಿದವರಿಗೆ ಜಾಗವೇ ಸಿಗುವುದಿಲ್ಲ 🙂 ನೆಲದ ಕಡೆಯೂ ಒಮ್ಮೆ ನೋಡಿ.

ನಾನು ತೆಗೆಯುವುದು ಕಪ್ಪೆ, ಅಣಬೆ, ಕೀಟ. ಹೆಚ್ಚಾಗಿ ಆಗುಂಬೆ ಕಡೆ, ಮಳೆಯಲ್ಲಿ, ರಾತ್ರಿ. ಅಲ್ಲಿ 500 ಎಂಎಂ ಲೆನ್ಸ್ ಏನೂ ಕೆಲಸಕ್ಕೆ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಓಡುವುದು ಒಲಿಂಪಸ್ ಟಿಜಿ ಸರಣಿ, ಅದರಲ್ಲೂ 2019ರ ಟಿಜಿ-6. ಅಂಗೈಯಗಲದ ಕ್ಯಾಮೆರಾ. ನೀರಿಗೆ ಹೆದರುವುದಿಲ್ಲ. ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದವರೆಗೂ ಫೋಕಸ್ ಆಗುತ್ತದೆ. ಬೇರೆ ಬೇರೆ ಫೋಕಸ್‌ನ ಹಲವು ಫ್ರೇಮ್ ತೆಗೆದು ತಾನೇ ಸೇರಿಸಿಕೊಡುತ್ತದೆ. ಸೆನ್ಸರ್ ಮಾತ್ರ ಪಿ900ದಷ್ಟೇ ಚಿಕ್ಕದು. ಆದರೆ ನಾವು ಟಾರ್ಚ್, ಫ್ಲ್ಯಾಶ್ ಇಟ್ಟುಕೊಂಡಿರುತ್ತೇವೆ. ಬೆಳಕು ನಮ್ಮ ಕೈಯಲ್ಲಿರುವಾಗ ಚಿಕ್ಕ ಸೆನ್ಸರ್ ಅಷ್ಟು ಕಾಡುವುದಿಲ್ಲ. ಕಪ್ಪೆಯ ಮುಖಕ್ಕೆ ಮತ್ತೆ ಮತ್ತೆ ಫ್ಲ್ಯಾಶ್ ಹೊಡೆಯಬೇಡಿ, ಒಂದೆರಡು ತೆಗೆದು ಬಿಟ್ಟುಬಿಡಿ.

ಕತ್ತಲಲ್ಲಿ ಹೊಳೆಯುವ ಅಣಬೆ ಮಾತ್ರ ಟಿಜಿಗೆ ಆಗುವುದಿಲ್ಲ. ಅದಕ್ಕೆ ಟ್ರೈಪಾಡ್, ದೊಡ್ಡ ಸೆನ್ಸರ್, ಅರ್ಧ ನಿಮಿಷಕ್ಕೂ ಮೀರಿದ ಎಕ್ಸ್‌ಪೋಶರ್ ಬೇಕು. ಜಿಗಣೆಗೆ ಅಷ್ಟು ಹೊತ್ತು ಧಾರಾಳ.

ಐನ್ಯಾಚುರಲಿಸ್ಟ್ ಅನ್ನುವ ಜೀವಿಗಳ ದಾಖಲೆಯ ತಾಣದಲ್ಲಿ ಫೋಟೋ ಹಾಕುವವರಿಗೆ ಒಂದು ಮಾತು. ಮೇಲೆ ಎಕ್ಸಿಫ್ ಬಗ್ಗೆ ಹೇಳಿದರಲ್ಲ, ಅದರೊಳಗಿನ ಜಾಗದ ಗುರುತು ಅಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಆ ತಾಣವೇ ಮಸುಕು ಮಾಡುತ್ತದೆ. ಆದರೆ ಅದೇ ಫೋಟೋವನ್ನು ಚೀಟಿ ಸಮೇತ ಬೇರೆ ಕಡೆ ಹಾಕಿದರೆ ಕಾಳಿಂಗದ ಗೂಡಿನ ದಾರಿಯನ್ನು ನೀವೇ ಬರೆದುಕೊಟ್ಟ ಹಾಗಾಯಿತು. ಗೂಡು, ಸೀತಾಳೆ ದಂಡೆ, ಹಾವು ಇದ್ದರೆ ಫೋನಿನ ಲೊಕೇಶನ್ ಆಫ್ ಮಾಡಿ ತೆಗೆಯಿರಿ.

ಸಾಗರದ ಸೋಗೆ

ಅಕ್ಕ, ವಾಟ್ಸಾಪ್ ಚೀಟಿ ಹರಿಯುತ್ತದೆ ಅಂದರಲ್ಲ. ಹಾಗಾದರೆ ಅದರಲ್ಲಿ ಕಳಿಸಿದರೆ ಭಯ ಇಲ್ಲ ತಾನೆ?

ಕಪ್ಪೆಗೂಡು

ಫೋಟೋ ಅಂತ ಕಳಿಸಿದರೆ ಹರಿಯುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಚೀಟಿ ಹಾಗೇ ಹೋಗುತ್ತದೆ. ಒಳ್ಳೆಯ ಗುಣಮಟ್ಟ ಬೇಕು ಅಂತ ಎಲ್ಲರೂ ಡಾಕ್ಯುಮೆಂಟ್ ಮಾಡಿಯೇ ಕಳಿಸುವುದು, ಅಲ್ಲೇ ಎಡವಟ್ಟು.

ಮದುವೆ ಮನೆ ಫೋಟೋ

ಈ ಕೆಲಸದಲ್ಲಿ ಹೊಟ್ಟೆ ಹೊರೆಯುವವನು ನಾನು. ನಮ್ಮ ಕಡೆಯ ಕಥೆ ಬೇರೆ. ಶಿವಮೊಗ್ಗ, ಭದ್ರಾವತಿ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಕ್ಯಾನನ್ 5ಡಿ ಮಾರ್ಕ್ 3, ನಿಕಾನ್ ಡಿ750 ಕಾಣುತ್ತಿದ್ದವು. 2018ರಲ್ಲಿ ಸೋನಿ ಎ7 3 ಬಂದ ಮೇಲೆ ಒಬ್ಬೊಬ್ಬರೇ ಆ ಕಡೆ ಹೊರಟರು. ಕಾರಣ ವಿಡಿಯೋ ಮತ್ತು ಕಣ್ಣಿಗೆ ಬೀಳುವ ಫೋಕಸ್. ಧಾರೆ ಹೊತ್ತಿಗೆ ಹೊಗೆ, ಜನ, ಅಡ್ಡ ಬರುವ ಚಿಕ್ಕಮ್ಮ, ಇಷ್ಟರ ನಡುವೆ ಮದುಮಗಳ ಕಣ್ಣನ್ನು ಅದು ಬಿಡುವುದಿಲ್ಲ.

ಇದು ಬರೀ ನಮ್ಮ ಊರಿನ ಮಾತಲ್ಲ. ಜಪಾನ್‌ನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕ ನೋಡಿ. 2010ರಲ್ಲಿ ಜಗತ್ತಿಗೆಲ್ಲ ಕಳಿಸಿದ ಡಿಜಿಟಲ್ ಕ್ಯಾಮೆರಾ 12 ಕೋಟಿಗೂ ಹೆಚ್ಚು. 2020ಕ್ಕೆ ಅದು 90 ಲಕ್ಷದ ಒಳಗೆ ಬಿತ್ತು. ಸಣ್ಣ ಕ್ಯಾಮೆರಾಗಳನ್ನು ಫೋನ್ ನುಂಗಿತು. ಅದೇ 2020ರಲ್ಲಿ ಮಿರರ್‌ಲೆಸ್ ಸಾಗಣೆ ಡಿಎಸ್‌ಎಲ್‌ಆರ್‌ಗಿಂತ ಜಾಸ್ತಿಯಾಯಿತು. ಕಂಪನಿಗಳು ಹೊಸ ಲೆನ್ಸ್ ಮಾಡುತ್ತಿರುವುದೂ ಮಿರರ್‌ಲೆಸ್‌ಗೇ.

ಇದರಿಂದ ಬಲದಂಡೆಯವರಿಗೆ ಲಾಭ ಇದೆ. ಸ್ಟುಡಿಯೋದವರು, ಹಕ್ಕಿಯವರು ಎಲ್ಲ ಮಿರರ್‌ಲೆಸ್‌ಗೆ ಹೊರಟಿದ್ದಾರೆ, ಅವರ ಹಳೆಯ ಡಿಎಸ್‌ಎಲ್‌ಆರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ. ಹೊಸ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ), ಅದರ ಜೊತೆಗೆ ಬರುವ ಕಿಟ್ ಲೆನ್ಸ್ ಅಂತ 70 ಸಾವಿರ ಸುರಿದರೆ ಹಕ್ಕಿಗೆ ಏನೂ ಉಳಿಯುವುದಿಲ್ಲ. ದುಡ್ಡು ಲೆನ್ಸಿಗೆ ಹಾಕಿ, ಬಾಡಿ ಹಳೆಯದು ನೋಡಿ.

ಪಿಯುಸಿ ಮುಗೀತು

ನಮ್ಮ ಕಡೆ ಈಗ ಟ್ರೆಂಡ್ ಹಳೇ ಡಿಜಿಕ್ಯಾಮ್ ಸರ್. ಅಪ್ಪನ ಬೀರುವಿನಲ್ಲಿದ್ದ ಸೋನಿ ಸೈಬರ್‌ಶಾಟ್‌ಗೆ ಬ್ಯಾಟರಿ ತರಿಸಿದೆ. ಕಾಲೇಜ್ ಡೇ ದಿನ ಫ್ಲ್ಯಾಶ್ ಹಾಕಿ ತೆಗೆದದ್ದು ಎಲ್ಲರಿಗೂ ಇಷ್ಟ ಆಯಿತು. ಫೋನಿನಲ್ಲಿ ಮುಖ ಮೇಣದ ಗೊಂಬೆ ಥರ ನುಣ್ಣಗೆ ಬರುತ್ತದೆ, ಇದರಲ್ಲಿ ಹಾಗಿಲ್ಲ. ಫ್ಯೂಜಿ ಎಕ್ಸ್100ವಿ ಆಸೆ ಇದೆ, ಆದರೆ ರೇಟ್ ನೋಡಿ ಸುಮ್ನಾದೆ.

ಮದುವೆ ಮನೆ ಫೋಟೋ

ಹುಡುಗ ಹೇಳಿದ್ದು ಸರಿ ಇದೆ. ಸತ್ತೇಹೋಯಿತು ಅಂದುಕೊಂಡಿದ್ದ ಸಣ್ಣ ಕ್ಯಾಮೆರಾಗಳ ಸಾಗಣೆ 2024ರಲ್ಲಿ ಹಿಂದಿನ ವರ್ಷಕ್ಕಿಂತ ಏರಿದೆ. ಎಕ್ಸ್100ವಿ 2020ರಲ್ಲಿ ಬಂದದ್ದು. ಟಿಕ್‌ಟಾಕ್‌ನಲ್ಲಿ ಹೆಸರಾಗಿ, ಎರಡು ವರ್ಷ ಕಳೆದ ಮೇಲೆ ಕೈಗೇ ಸಿಗದ ಹಾಗಾಯಿತು. ಕ್ಯಾಮೆರಾ ಮೊದಲೇ ಚೆನ್ನಾಗಿತ್ತು, ಹೆಸರು ಆಮೇಲೆ ಬಂತು.

ಜೋಗದ ಜಿಟಿಜಿಟಿ

ಫೋನಿನ ಪರವಾಗಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ, ಅದಕ್ಕೇ ಬಂದೆ.

ಜೋಗ ತೆಗೆಯಲು ಫೋನೇ ಮೇಲು ಅನ್ನುವವನು ನಾನು. ಬಂಡೆ ಕಪ್ಪು, ನೀರು ಬಿಳಿ, ಮೇಲೆ ಹೊಳೆಯುವ ಮಂಜು. ಕ್ಯಾಮೆರಾದಲ್ಲಿ ನೇರವಾಗಿ ಜೆಪೆಗ್ ತೆಗೆದರೆ ಒಂದೋ ನೀರು ಸುಟ್ಟಿರುತ್ತದೆ, ಇಲ್ಲವೇ ಬಂಡೆ ಮಸಿ. ಫೋನ್ ಒಂದು ಸಲ ಒತ್ತಿದರೆ ಹಲವು ಫ್ರೇಮ್ ತೆಗೆದು ಎರಡನ್ನೂ ಉಳಿಸಿ ಸೇರಿಸುತ್ತದೆ. ಕ್ಯಾಮೆರಾದವರು ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಫೈಲ್) ತೆಗೆದು, ಮನೆಗೆ ಬಂದು ಲೈಟ್‌ರೂಮ್‌ನಲ್ಲಿ ಕೂತು ಮಾಡುವ ಕೆಲಸ ಅದು. ಅಷ್ಟು ಹೊತ್ತಿಗೆ ನನ್ನ ಫೋಟೋ ಅತ್ತೆಯ ಸ್ಟೇಟಸ್ಸಿಗೂ ಹೋಗಿ ಆಗಿರುತ್ತದೆ. 253 ಮೀಟರ್ ಮೇಲಿಂದ ಬೀಳುವ ನೀರಿನ ತುಂತುರು ಲೆನ್ಸಿಗೆ ಬಡಿಯುವಾಗ ಅಂಗಿಯಿಂದ ಒರೆಸಿಕೊಳ್ಳಲು ಫೋನೇ ಸುಲಭ. 200-500 ಲೆನ್ಸನ್ನು ಅಂಗಿಯಲ್ಲಿ ಒರೆಸುತ್ತೀರಾ?

ಸಕ್ರೆಬೈಲಿನಲ್ಲಿ ಬೆಳಿಗ್ಗೆ ಆನೆ ಮೀಯಿಸುವಾಗಲೂ ಅಷ್ಟೇ. ಹತ್ತಿರದಿಂದಲೇ ಕಾಣುತ್ತದೆ. ಫೋನ್ ಸಾಕು.

ಮಂಡಗದ್ದೆ ಬೆಳ್ಳಕ್ಕಿ

ಅಂಗಿಯಲ್ಲಿ ಒರೆಸುವುದು ಕೇಳಿಯೇ ಎದೆ ಝಲ್ ಅಂತು. ಉಳಿದದ್ದೆಲ್ಲ ಒಪ್ಪುತ್ತೇನೆ.

ತುಂಗಾ ಬಲದಂಡೆ

ಸರಿ, ಹಾಗಾದರೆ ಭೂದೃಶ್ಯ, ಮಕ್ಕಳು ಎಲ್ಲ ಈಗಿರುವ ಫೋನಿನಲ್ಲೇ ಆಗಲಿ. ಹಕ್ಕಿಗೆ ಮಾತ್ರ ಹಳೇ ಡಿ7200 ಅಥವಾ ಡಿ7500, ಜೊತೆಗೆ 200-500. ಬಜೆಟ್ ಸ್ವಲ್ಪ ಮೀರುತ್ತದೆ, ಮಾತಾಡಿ ನೋಡುತ್ತೇನೆ. ಈಗ ನಿಜವಾದ ಭಯ ಹೇಳಿಬಿಡುತ್ತೇನೆ: ಬೂಸ್ಟು. ನಮ್ಮದು ಹೆಂಚಿನ ಮನೆ, ಹೊಳೆ ಹತ್ತಿರ. ಆರಿದ್ರಾ ಮಳೆ ಹಿಡಿದರೆ ಬೆಲ್ಟು, ಚಪ್ಪಲಿಗೆಲ್ಲ ಬಿಳಿ ಬೂಸ್ಟು ಬರುತ್ತದೆ. ಲೆನ್ಸ್ ಗತಿ ಏನು?

ಸಾಗರದ ಸೋಗೆ

ಅಡಿಕೆ ಡ್ರೈಯರ್‌ನಲ್ಲಿ ಇಟ್ಟುಬಿಡಿ 😀

ಮದುವೆ ಮನೆ ಫೋಟೋ

ತಮಾಷೆಗೂ ಹಾಗೆ ಹೇಳಬೇಡಿ, ಯಾರಾದರೂ ಇಟ್ಟಾರು. ಅಕ್ಕಿ ಡಬ್ಬಿಯಲ್ಲೂ ಇಡಬೇಡಿ, ಅಕ್ಕಿಯ ಪುಡಿ ಜೂಮ್ ರಿಂಗ್ ಒಳಗೆ ಹೋಗುತ್ತದೆ.

ಮಲೆನಾಡಿನಲ್ಲಿ ಲೆನ್ಸ್ ಕೊಲ್ಲುವುದು ಮಳೆಯ ಹನಿಗಿಂತ ಹೆಚ್ಚಾಗಿ ಗಾಳಿಯ ತೇವ. ಗಾಜಿನ ಮೇಲೆ ಫಂಗಸ್ ಜೇಡರ ಬಲೆಯಂತೆ ಹಬ್ಬುತ್ತದೆ, ಬಿಟ್ಟರೆ ಕೋಟಿಂಗ್ ತಿನ್ನುತ್ತದೆ. ಆಮೇಲೆ ಬಿಚ್ಚಿ ಒರೆಸಿದರೂ ಕಲೆ ಉಳಿಯಬಹುದು. ಚರ್ಮದ ಕೇಸ್, ಸ್ಪಂಜಿನ ಬ್ಯಾಗ್‌ನಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಅವೇ ತೇವ ಹಿಡಿದಿಡುತ್ತವೆ. ದುಡ್ಡಿದ್ದರೆ ಡ್ರೈ ಕ್ಯಾಬಿನೆಟ್, ತೇವಾಂಶ ಶೇ. 40ರಿಂದ 50ರ ಮಧ್ಯೆ ಇರಲಿ. ಇಲ್ಲದಿದ್ದರೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್. ನೀಲಿ ಜೆಲ್ ತೇವ ಕುಡಿದು ಗುಲಾಬಿ ಆದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಆರಿಸಿ ಮತ್ತೆ ಹಾಕಿ. ಆ ಬಾಣಲೆ ಅಡುಗೆಗೆ ಬೇಡ.

ಎಲ್ಲಕ್ಕಿಂತ ಮುಖ್ಯ, ಬಳಸುತ್ತಿರಿ. ಬೆಳಕು, ಗಾಳಿ ಕಾಣುವ ಲೆನ್ಸಿಗೆ ಫಂಗಸ್ ಬರುವುದು ಕಡಿಮೆ.

ಕಪ್ಪೆಗೂಡು

ಎಸಿ ಕಾರಿನಿಂದ ಇಳಿದ ತಕ್ಷಣ ಆಗುಂಬೆ ಗಾಳಿಗೆ ಕ್ಯಾಮೆರಾ ತೆಗೆದರೆ ಗಾಜು ಮಂಜಾಗುತ್ತದೆ. ಬ್ಯಾಗ್ ಜಿಪ್ ಹಾಕಿಯೇ ಸ್ವಲ್ಪ ಹೊತ್ತು ಹೊರಗಿಡಿ, ಆಮೇಲೆ ತೆಗೆಯಿರಿ.

ತುಂಗಾ ಬಲದಂಡೆ

ಒಬ್ಬರು ಡಿ7500 ಕೊಡುತ್ತೇನೆ ಅಂದಿದ್ದಾರೆ, "ಸರ್, ಮನೆಯಲ್ಲೇ ಇದ್ದದ್ದು, ಹೊಸದರ ಹಾಗೇ ಇದೆ" ಅನ್ನುತ್ತಿದ್ದಾರೆ. ನಂಬುವುದು ಹೇಗೆ?

ಹೊಸನಗರದವ, ಈಗ ಬೆಂಗಳೂರು

ಅದಕ್ಕೂ ಎಕ್ಸಿಫ್ ಚೀಟಿಯೇ ಸಾಕ್ಷಿ. ನಿಕಾನ್ ತನ್ನ ಫೈಲಿನೊಳಗೆ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಬರೆದಿಡುತ್ತದೆ. ನಿಮ್ಮ ಮೆಮೊರಿ ಕಾರ್ಡ್ ಹಾಕಿ ನಿಮ್ಮ ಎದುರಿಗೇ ಒಂದು ಫೋಟೋ ತೆಗೆಯಿಸಿ, ಆ ಫೈಲನ್ನು ಎಕ್ಸಿಫ್‌ಟೂಲ್‌ನಲ್ಲಿ ತೆರೆಯಿರಿ. ಡಿ7500ರ ಶಟರ್ ಪರೀಕ್ಷೆ 1,50,000 ಸಲಕ್ಕೆ. 30 ಸಾವಿರ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ, 1,20,000 ದಾಟಿದ್ದರೆ ರೇಟ್ ಇಳಿಸಿ. ಅವರು ಮೊದಲೇ ತೆಗೆದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರೆ ಒಪ್ಪಬೇಡಿ. ಅದರಲ್ಲಿ ಚೀಟಿ ಇರುವುದಿಲ್ಲ.

ಮಂಡಗದ್ದೆ ಬೆಳ್ಳಕ್ಕಿ

ಲೆನ್ಸನ್ನು ಕತ್ತಲೆ ಕೋಣೆಯಲ್ಲಿ ನೋಡಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ ಫಂಗಸ್ ಎಳೆ ಇದ್ದರೆ ಕಾಣುತ್ತದೆ. ಧೂಳು ಒಂದೆರಡು ಚುಕ್ಕೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. 500 ಎಂಎಂಗೆ ಎಳೆದು ವಿಆರ್ (ಕೈ ನಡುಕ ತಡೆಯುವ ವ್ಯವಸ್ಥೆ) ಹಾಕಿ, ದೂರದ ತಂತಿ ಮೇಲಿನ ಕಾಗೆಗೆ ಫೋಕಸ್ ಮಾಡಿ. ವಿಆರ್ ಕಿರ್ ಅಂತ ಜೋರು ಸದ್ದು ಮಾಡಿದರೆ, ಚಿತ್ರ ಎಗರಿದರೆ ಬೇಡ. ಟ್ರೈಪಾಡ್ ಕಾಲರ್, ಹುಡ್ ಎರಡೂ ಇವೆಯಾ ಕೇಳಿ. ಬಿಲ್ ಇದ್ದರೆ ಸೀರಿಯಲ್ ನಂಬರ್ ತಾಳೆ ನೋಡಿ.

ತುಂಗಾ ಬಲದಂಡೆ

ಭಾನುವಾರ ಹೋಗಿ ನೋಡುತ್ತೇನೆ. ಟಾರ್ಚ್, ಮೆಮೊರಿ ಕಾರ್ಡ್, ಲ್ಯಾಪ್‌ಟಾಪ್ ಮೂರೂ ಹಿಡಿದುಕೊಂಡು. ಬೆಳ್ಳಕ್ಕಿ ಸರ್, ನಿಮಗೆ ಬಿಡುವಿದ್ದರೆ ಜೊತೆಗೆ ಬರುತ್ತೀರಾ?

ಮಂಡಗದ್ದೆ ಬೆಳ್ಳಕ್ಕಿ

ಬೆಳಿಗ್ಗೆ ಆದರೆ ಆಗಲ್ಲ, ಮಂಡಗದ್ದೆಯಲ್ಲಿರುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ಇಟ್ಟುಕೊಳ್ಳಿ.